ಆಟದ ಮರೆಯಲ್ಲಿ ಪಾಠ

ಎಳೆಯ ಮಕ್ಕಳಿಗೆ ಮನೆಯಲ್ಲಿ ಕಲಿಸುವ ವಿಷಯವಾಗಿ ಈಚೆಗೆ ಎಲ್ಲೆಡೆಯೂ ಕೇಳಿಬರುವ ಉಪದೇಶವೊಂದುಂಟು. ಪಾಠವೆಂದು ಮಗುವಿಗೆ ತಿಳಿಯದಂತೆ ಪಾಠ ಹೇಳಬೇಕು. ಆಟವೆಂದು ಅದು ನಂಬಿರುವಾಗಲೇ ಲೆಕ್ಕವೂ ಅಕ್ಷರವೂ ಅದಕ್ಕೆ ಹತ್ತಿಬಿಡಬೇಕು. ಮೇಲುನೋಟಕ್ಕೆ ಇದರಲ್ಲಿ ದೋಷವೇನೂ ಕಾಣದು. ಬೆತ್ತದ ಭಯದಿಂದ ಮಗ್ಗಿಯನ್ನು ಕಲಿತ ನನ್ನಂಥವರಿಗಂತೂ ಇದು ದೊಡ್ಡ ಉಪಕಾರವಾಗಿಯೇ ತೋರಬೇಕು. ಆದರೂ ಇದರಲ್ಲೊಂದು ಧರ್ಮಸೂಕ್ಷ್ಮವಿದೆ. ನಂಬಿದವರಿಗೆ ಒಂದನ್ನು ತೋರಿಸಿ ಮತ್ತೊಂದನ್ನು ಕೊಡುವುದು, ಕೊಡುವ ವಸ್ತುವು ಒಳ್ಳೆಯದೇ ಆಗಿದ್ದರೂ, ಸರಿಯೇ?

ಈ ಪ್ರಶ್ನೆಯು ಶಾಸ್ತ್ರಗ್ರಂಥದಿಂದ ಹುಡುಕಿ ತೆಗೆದುದಲ್ಲ. ಎರಡನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮೊಮ್ಮಗನು ಕೇಳಿದುದು. 2020ರಲ್ಲಿ ಕೇಂದ್ರ ಸರ್ಕಾರವು ಹೊರಡಿಸಿದ ಶಾಲಾಚೀಲದ ನೀತಿಯು, ಎರಡನೆಯ ತರಗತಿಯವರೆಗಿನ ಮಕ್ಕಳಿಗೆ ಮನೆಯಲ್ಲಿ ಮಾಡತಕ್ಕ ಪಾಠವನ್ನು ಶಾಲೆಯವರು ಕೊಡಕೂಡದೆಂದು ಹೇಳುತ್ತದೆ. ಇದು ವಿವೇಕದ ಮಾತೇ ಸರಿ. ಆದರೆ ಶಾಲೆಯು ಬಿಟ್ಟುದನ್ನು ನಾವು ಮನೆಯವರು ಹಿಡಿದುಕೊಂಡೆವು. ನಾನೂ ಹಾಗೆಯೇ ಮಾಡಿದೆನು. ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಉಪಾಧ್ಯಾಯನಾಗಿದ್ದವನ ಕೈ ಸುಮ್ಮನಿರುವುದೆಂತು?

ನಾನು ಆರಿಸಿಕೊಂಡದ್ದು ಚೌಕಾಬಾರ. ನೆಲದ ಮೇಲೆ ಸೀಮೆಸುಣ್ಣದಿಂದ ಬರೆದ ಇಪ್ಪತ್ತೈದು ಮನೆ, ನಾಲ್ಕು ಕವಡೆ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ನಾಲ್ಕು ಕವಡೆಯೂ ಬಾಯಿ ಮೇಲಾಗಿ ಬಿದ್ದರೆ ಚೌಕ, ಎಂದರೆ ನಾಲ್ಕು. ಎಲ್ಲವೂ ಬೋರಲಾದರೆ ಬಾರ, ಎಂದರೆ ಎಂಟು. ಇವೆರಡರಲ್ಲಿ ಯಾವುದು ಬಿದ್ದರೂ ಮತ್ತೊಮ್ಮೆ ಕವಡೆ ಹಾಕುವ ಹಕ್ಕುಂಟು. ಹೊರಸುತ್ತಿನ ಮನೆಗಳು ಹದಿನಾರು, ಒಳಸುತ್ತಿನವು ಎಂಟು, ನಡುವೆ ಹಣ್ಣಾಗುವ ಮನೆ ಒಂದು. ಸಂಕಲನ ವ್ಯವಕಲನಗಳಿಗೆ ಇದಕ್ಕಿಂತ ಒಳ್ಳೆಯ ಪಾಟಿಯನ್ನು ನಾನು ಕಂಡಿಲ್ಲ. ಮಗನೂ ಸೊಸೆಯೂ ಇದನ್ನು ಬಹಳವಾಗಿ ಮೆಚ್ಚಿದರು.

ಒಂದು ದಿನ ನನ್ನ ಕಾಯಿಯು ಅವನ ಕಾಯಿಗೆ ಏಳು ಮನೆ ಮುಂದೆ ಇದ್ದಿತು. ಅವನಿಗೆ ಚೌಕ ಬಿದ್ದಿತು. ನಾಲ್ಕು ಮನೆ ನಡೆಸಿ, ಕವಡೆಗಳನ್ನು ಮುಷ್ಟಿಯಲ್ಲಿ ಗಲಗಲನೆ ಆಡಿಸುತ್ತ, ‘ಮೂರು ಬೀಳಲಿ, ಮೂರು ಬೀಳಲಿ’ ಎಂದು ಕಣ್ಣು ಮುಚ್ಚಿ ಕುಳಿತನು. ನಾನು ಅವನ ಕೈಯನ್ನು ತಡೆದು, ‘ಏಳರಲ್ಲಿ ನಾಲ್ಕು ಹೋದರೆ ಎಷ್ಟು? ಹೇಳಿ ಆಮೇಲೆ ಹಾಕು’ ಎಂದೆನು. ಹುಡುಗನು ಕಣ್ಣು ತೆರೆದು, ‘ತಾತ, ಇದು ಆಟವೋ, ಪಾಠವೋ?’ ಎಂದನು. ಕವಡೆಗಳನ್ನು ಕೆಳಗಿಟ್ಟು ಎದ್ದುಹೋದನು. ಆಮೇಲೆ ಒಂದು ವಾರ ಆಟಕ್ಕೆ ಬರಲಿಲ್ಲ.

ನನ್ನ ಪರವಾಗಿ ಹೇಳಬಹುದಾದ ಮಾತು ಇಲ್ಲದಿಲ್ಲ. ಕಹಿ ಔಷಧವನ್ನು ಬೆಲ್ಲದಲ್ಲಿ ಹುದುಗಿಸಿ ಕೊಡುವ ತಾಯಿಯನ್ನು ಯಾರೂ ಸುಳ್ಳುಗಾತಿಯೆನ್ನರು. ಈ ದೃಷ್ಟಾಂತವನ್ನು ನಾನೇ ಎಷ್ಟೋ ಸಲ ಸಭೆಗಳಲ್ಲಿ ಹೇಳಿದ್ದೇನೆ. ಈಗ ಯೋಚಿಸಿದರೆ ಇದು ಇಲ್ಲಿ ಹೊಂದುವುದಿಲ್ಲವೆಂದು ತೋರುತ್ತದೆ. ಔಷಧವು ಬೇರೆ, ಬೆಲ್ಲವು ಬೇರೆ. ಚೌಕಾಬಾರದಲ್ಲಿಯಾದರೋ ಎಣಿಕೆಯು ಆಟದೊಳಗೆ ಬಚ್ಚಿಟ್ಟ ಕಹಿಯಲ್ಲ, ಆಟದ ಸವಿಯೇ ಅದು. ‘ಮೂರು ಬೀಳಲಿ’ ಎಂದು ಹಂಬಲಿಸಿದಾಗಲೇ ಹುಡುಗನು ಏಳರಲ್ಲಿ ನಾಲ್ಕನ್ನು ಕಳೆದಿದ್ದನು. ನಾನು ಹೊಸದಾಗಿ ಕಲಿಸಿದುದು ಏನೂ ಇಲ್ಲ. ಬೆಲ್ಲವನ್ನೇ ಔಷಧವೆಂದು ಕೂಗಿ ಹೇಳಿ ಕಹಿಮಾಡಿದೆನು, ಅಷ್ಟೆ.

ಬಹಿರಂಗವಾದ ಪಾಠಕ್ಕೆ ಈ ದೋಷವಿಲ್ಲ. ನಮ್ಮ ಬಾಲ್ಯದಲ್ಲಿ ದೀಪ ಹಚ್ಚಿದೊಡನೆ ಕೈಕಾಲು ತೊಳೆದು ಕುಳಿತು ಬಾಯಿಪಾಠ ಒಪ್ಪಿಸಬೇಕಾಗಿದ್ದಿತು: ಹದಿನೈದು ತಿಥಿ, ಇಪ್ಪತ್ತೇಳು ನಕ್ಷತ್ರ, ಅರುವತ್ತು ಸಂವತ್ಸರ, ಆಮೇಲೆ ಮಗ್ಗಿ. ಬೇಸರವಿತ್ತು, ತೂಕಡಿಕೆಯಿತ್ತು, ಮೋಸವಿರಲಿಲ್ಲ. ಅದು ಮುಗಿದ ಮೇಲೆ ಅಜ್ಜಿಯು ಅಳಗುಳಿಮಣೆಯನ್ನು ತೆಗೆದರೆ ಅದು ಆಟವೇ. ಹುಣಿಸೆಬೀಜಕ್ಕಾಗಿ ನಮ್ಮೊಡನೆ ಸಮವಾಗಿ ಜಗಳವಾಡುತ್ತಿದ್ದಳು, ಪುಣ್ಯಾತ್ಮಳು. ನಲಿ-ಕಲಿ ಪದ್ಧತಿಯನ್ನೂ ನಾನು ಆಕ್ಷೇಪಿಸುವವನಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯ ಕಡೆ ಮೊದಲಾದ ಆ ಕ್ರಮದಲ್ಲಿ ಹಾಡೂ ಆಟವೂ ಶಾಲೆಯಲ್ಲೇ ನಡೆಯುತ್ತವೆ. ಕಲಿಯಲು ಬಂದಿದ್ದೇನೆಂಬುದು ಮಗುವಿಗೆ ಗೊತ್ತು.

ಕಥೆಯ ಮೂಲಕ ನೀತಿ ಹೇಳಿದ ವಿಷ್ಣುಶರ್ಮನು ಮಾಡಿದುದೇನು ಎಂದು ಕೆಲವರು ಕೇಳಬಹುದು. ಅಮರಶಕ್ತಿ ರಾಜನು ತನ್ನ ಮೂವರು ಮಕ್ಕಳನ್ನು ಅವನ ವಶಕ್ಕೆ ಒಪ್ಪಿಸಿದುದು ವಿದ್ಯೆಗಾಗಿಯೇ. ಆರು ತಿಂಗಳೆಂಬ ಅವಧಿಯೂ ಸಭೆಯಲ್ಲೇ ಗೊತ್ತಾಯಿತು. ಅದಕ್ಕಿಂತ ಮುಖ್ಯವಾದುದು ಇನ್ನೊಂದುಂಟು. ಪಂಚತಂತ್ರದಲ್ಲಿ ಒಂದು ಕಥೆಯಿಂದ ಮತ್ತೊಂದಕ್ಕೆ ದಾಟುವಾಗಲೆಲ್ಲ ಅದು ಹೇಗೆಂದು ಕೇಳುವವನು ಕಥೆಯನ್ನು ಕೇಳುವವನೇ, ಹೇಳುವವನಲ್ಲ. ನಾನು ಇದನ್ನು ತಿರುಗುಮುರುಗು ಮಾಡಿದ್ದೆನು.

ವಾರ ಕಳೆದ ಮೇಲೆ ಹುಡುಗನು ತಾನಾಗಿಯೇ ಕವಡೆಗಳನ್ನು ತಂದನು. ನಾನು ಪ್ರಶ್ನೆ ಕೇಳುವುದನ್ನು ಬಿಟ್ಟೆನು. ಬೇಕೆಂದು ಸೋಲುವುದನ್ನೂ ಬಿಟ್ಟೆನು. ಇಷ್ಟರಿಂದ ಎಲ್ಲವೂ ಸರಿಹೋಯಿತೆಂದು ತಿಳಿದಿದ್ದೆ. ಒಂದು ಸಂಜೆ ನನಗೆ ಬಾರ ಬಿದ್ದಿತು. ನನ್ನ ಕಣ್ಣಿಗೆ ಪೊರೆ ಬಂದಿದೆ. ಎಂಟು ಮನೆ ನಡೆಸಬೇಕಾದಲ್ಲಿ ಏಳನೆಯ ಮನೆಯಲ್ಲೇ ಕಾಯಿಯನ್ನಿಟ್ಟೆನು. ಅವನು ಮಣೆಯನ್ನು ನೋಡಲಿಲ್ಲ, ನನ್ನ ಮುಖವನ್ನು ನೋಡಿದನು. ‘ತಾತ, ನಿಜವಾಗಿಯೂ ತಪ್ಪಿತೋ, ನನ್ನನ್ನು ಕೇಳೋದಕ್ಕೆ ಬೇಕೂಂತ ತಪ್ಪಿಸಿದೆಯೋ?’

ನಿಜವಾಗಿಯೂ ತಪ್ಪಿತೆಂದೆನು. ನಂಬಿದನೋ ಇಲ್ಲವೋ ತಿಳಿಯಲಿಲ್ಲ. ನನ್ನ ಸುಳ್ಳು ಅಷ್ಟೇನೂ ದೊಡ್ಡದಲ್ಲವೆಂದು ಎಣಿಸಿದ್ದವನಿಗೆ, ಅದು ನನ್ನ ಮುಪ್ಪಿನ ನಿಜವಾದ ತಪ್ಪನ್ನೂ ಸಂದೇಹಕ್ಕೆ ಗುರಿಮಾಡಿದುದು ಆಗ ಕಂಡಿತು. ಈಗಲೂ ದಿನವೂ ಆಡುತ್ತೇವೆ. ನನ್ನ ಎಣಿಕೆ ತಡವಾದಾಗ ಅವನು ಒಮ್ಮೆ ತಲೆಯೆತ್ತಿ ನನ್ನ ಮುಖವನ್ನು ನೋಡುತ್ತಾನೆ. ಈಚೆಗೆ ಆ ನೋಟವು ಕಡಮೆಯಾಗಿದೆ, ಪೂರ್ತಿಯಾಗಿ ಹೋಗಿಲ್ಲ.