ಭೂತವೇಷದ ಹಬ್ಬದಲ್ಲಿ ಕ್ರೈಸ್ತರು ಸೇರಬಹುದೋ?

ಬೆಂಗಳೂರಿನ ದಕ್ಷಿಣಕ್ಕೆ ಕನಕಪುರ ರಸ್ತೆಯ ಕಡೆಗಿರುವ ಅಂಜನಾಪುರವು ಹಿಂದೆ ಹೊಲಗಳ ನಡುವಣ ಹಳ್ಳಿಯಾಗಿದ್ದು, ಈಗ ಬಡಾವಣೆಗಳಿಂದಲೂ ಎತ್ತರವಾದ ಕಟ್ಟಡಗಳಿಂದಲೂ ತುಂಬಿರುತ್ತದೆ. ನಗರದ ಇಂಥ ಭಾಗಗಳಲ್ಲಿ ಅಕ್ಟೋಬರ್ 31ರ ಸಂಜೆ ಮಕ್ಕಳು ದೆವ್ವಗಳ ವೇಷ ಹಾಕಿಕೊಂಡು, ಬಾಗಿಲು ತಟ್ಟಿ ಮಿಠಾಯಿ ಕೇಳುವದುಂಟು. ಇದಕ್ಕೆ ಹ್ಯಾಲೋವೀನ್ ಎಂದು ಹೆಸರು. ಅಲ್ಲಿಗೆ ಮನೆಗೆಲಸಕ್ಕೂ ಕಾವಲಿಗೂ ಹೋಗುವ ವಿಶ್ವಾಸಿಗಳ ಮಕ್ಕಳನ್ನು ಈ ಆಟಕ್ಕೆ ಕರೆದರೆ ಕಳುಹಿಸಬಹುದೋ? ಪ್ರಶ್ನೆಯು ಹೊಸದಾಗಿ ತೋರಿದರೂ ನಮ್ಮವರಿಗೆ ಹಳೆಯದೇ. ಯಾಕಂದರೆ ಅದಕ್ಕೆ ಕೆಲವು ವಾರಗಳ ಮುಂಚೆ ಮಹಾಲಯ ಅಮಾವಾಸ್ಯೆಯು ಬರುತ್ತದೆ.

ಹ್ಯಾಲೋವೀನ್ ಎಂಬದು ನವೆಂಬರ್ 1ರ ಸಕಲ ಪರಿಶುದ್ಧರ ಹಬ್ಬದ ಹಿಂದಿನ ಸಂಜೆ. ಐರ್ಲೆಂಡ್, ಸ್ಕಾಟ್ಲೆಂಡ್ ದೇಶದವರು 19ನೆಯ ಶತಮಾನದಲ್ಲಿ ಇದರ ವಾಡಿಕೆಗಳನ್ನು ಅಮೇರಿಕಕ್ಕೆ ಒಯ್ದರು. 1517ರಲ್ಲಿ ಮಾರ್ಟಿನ್ ಲೂಥರನು ತನ್ನ 95 ವಾದಗಳನ್ನು ಮುಂದಿಟ್ಟದ್ದೂ ಇದೇ ದಿನದಲ್ಲಿಯೇ. ಸತ್ತವರ ಗತಿಯನ್ನು ಕುರಿತ ಜನರ ಭಯದಿಂದ ಹಣ ಸಂಪಾದಿಸುವದನ್ನು ಅವನು ಅವುಗಳಲ್ಲಿ ಎದುರಿಸಿದನು.

ಹಳೆಯ ಮೈಸೂರು ಸೀಮೆಯಲ್ಲಿ ಪಿತೃಪಕ್ಷದೊಳಗೆ ಹಿರಿಯರಿಗೆ ಎಡೆ ಇಡುತ್ತಾರೆ. ತೀರಿಹೋದ ತಂದೆಗೆ ಇಷ್ಟವಾಗಿದ್ದ ಅಡಿಗೆಯನ್ನು ಮಾಡಿ, ಹೊಸ ಬಟ್ಟೆಯಿಟ್ಟು, ಧೂಪ ಹಾಕಿ, ಕೆಲವರು ಬಾಗಿಲು ಮುಚ್ಚಿ ಹೊರಗೆ ಕಾಯುತ್ತಾರೆ. ಇದರಲ್ಲಿ ಪ್ರೀತಿಯೂ ಉಂಟು, ಎಡೆ ತಪ್ಪಿದರೆ ಹಿರಿಯರು ಮುನಿದು ಕಾಡುವರೆಂಬ ಭಯವೂ ಉಂಟು. ಪ್ರೀತಿಯನ್ನು ನಾವು ಹೀನೈಸಬಾರದು. ಹೊಸದಾಗಿ ದೀಕ್ಷಾಸ್ನಾನ ಹೊಂದಿದವರಲ್ಲಿ ಕೆಲವರು ಹೀಗೆ ಹೀನೈಸಿ ಒಡಹುಟ್ಟಿದವರ ಮನಸ್ಸನ್ನು ವ್ಯರ್ಥವಾಗಿ ನೋಯಿಸುತ್ತಾರೆ. ಭಯಕ್ಕಾದರೋ ನಾವು ತಲೆಬಾಗಲಾರೆವು. ಎದ್ದುಬಂದ ಕರ್ತನನ್ನು ಶಿಷ್ಯರು ಭೂತವೆಂದು ತಿಳಿದು ದಿಗಿಲುಪಟ್ಟಾಗ ಆತನು ಮಾಡಿದ್ದೇನು? ತಿನ್ನುವದಕ್ಕೆ ಏನಾದರೂ ಇದೆಯೋ ಎಂದು ವಿಚಾರಿಸಿ, ಅವರು ಕೊಟ್ಟ ಸುಟ್ಟ ಮೀನನ್ನು ಅವರ ಕಣ್ಣೆದುರಿಗೇ ತಿಂದನೆಂದು ಲೂಕನು ತಿಳಿಸುತ್ತಾನೆ. ಎಡೆಯ ಮುಂದೆ ಕಾದಿದ್ದವರಿಗೆ ಈ ಸಂಗತಿಯ ಅರ್ಥವು ಬೇರೆಯವರಿಗಿಂತ ಚೆನ್ನಾಗಿ ತಿಳಿಯುವದು. ಬಾಗಿಲು ತೆರೆದಾಗ ಎಲೆಯ ಮೇಲಿನ ಅನ್ನವು ಪ್ರತಿ ವರುಷವೂ ಇಟ್ಟಂತೆಯೇ ಇರುತ್ತಿತ್ತಲ್ಲವೇ?

ಆ ದಿನ ಅಣ್ಣನು ಊಟಕ್ಕೆ ಕರೆದರೆ ಹೇಗೆ? ಅನ್ಯರ ಮನೆಯಲ್ಲಿ ಬಡಿಸಿದ್ದನ್ನು ಏನೂ ವಿಚಾರಿಸದೆ ತಿನ್ನಬಹುದು, ಆದರೆ ಇದು ನೈವೇದ್ಯವೆಂದು ಒಬ್ಬನು ತಿಳಿಸಿದರೆ ಅವನ ಮನಸ್ಸಾಕ್ಷಿಯ ನಿಮಿತ್ತ ತಿನ್ನಬಾರದು ಎಂಬದು ಪೌಲನು ಕೊರಿಂಥದವರಿಗೆ ಮಾಡಿದ ಬೋಧನೆಯ ಅಭಿಪ್ರಾಯ. ಎಡೆಯ ಅನ್ನವು ಏನೆಂಬದನ್ನು ಯಾರೂ ತಿಳಿಸಬೇಕಾಗಿಲ್ಲ. ಆದದರಿಂದ ಆ ದಿನವನ್ನು ಬಿಟ್ಟು ಮುಂದಿನ ವಾರ ಹೋಗಿ, ಅಣ್ಣನ ಸಂಗಡ ಕೂತು ಉಂಡು, ತಂದೆಯ ವಿಷಯ ಮಾತಾಡಿ ಬರುವದು ಒಳ್ಳೆಯದು. ಹೋಗದೆಯೇ ಇದ್ದುಬಿಡುವದು ಒಳ್ಳೆಯದಲ್ಲ.

ಈಗ ಮಿಠಾಯಿಯ ವಿಷಯಕ್ಕೆ ಬರೋಣ. 1990ರ ದಶಕದಲ್ಲಿ, ದೆವ್ವವು ರಾತ್ರಿಯಲ್ಲಿ ಗುರುತಿನವರ ಧ್ವನಿಯಿಂದ ಕರೆಯುತ್ತದೆಂಬ ಸುದ್ದಿಯು ನಮ್ಮ ನಾಡಿನಲ್ಲಿ ಹಬ್ಬಿ, ಅನೇಕರು ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದರು. ಅಂಥ ಬಾಗಿಲೊಳಗೆ ಬೆಳೆದವರ ಮಕ್ಕಳಿಗೂ ಕಟ್ಟಡದ ಮಕ್ಕಳಿಗೂ ಬಾಗಿಲು ತಟ್ಟುವ ದೆವ್ವವು ಒಂದೇ ಅಲ್ಲ. ಒಬ್ಬರಿಗೆ ಅದು ಬಣ್ಣದ ಬಟ್ಟೆ. ಮತ್ತೊಬ್ಬರಿಗೆ ಅಜ್ಜಿಯು ಹೆಸರೆತ್ತಲೂ ಅಂಜುತ್ತಿದ್ದ ವಸ್ತು. ಆದಕಾರಣ ತಂದೆತಾಯಿಗಳು ತಮ್ಮ ಮಗುವನ್ನು ನೋಡಿ ತೀರ್ಮಾನಿಸಬೇಕೇ ಹೊರತು ನೆರೆಯವರನ್ನು ನೋಡಿ ಅಲ್ಲ. ನಗುವ ಮಗುವು ದೆವ್ವದ ವೇಷವಿಲ್ಲದೆ ಹೋಗಿ ಮಿಠಾಯಿ ತಂದರೆ ನಾವು ದೋಷವೆಣಿಸುವದಿಲ್ಲ. ರಾತ್ರಿ ಬೆಚ್ಚಿಬೀಳುವ ಮಗುವನ್ನು ಕಳುಹಿಸಬಾರದು. ವಿನೋದಕ್ಕಾದರೂ ಸತ್ತವರನ್ನು ಕರೆದು ಪ್ರಶ್ನೆ ಕೇಳುವ ಆಟಕ್ಕೆ ಮಾತ್ರ ಯಾರನ್ನೂ ಬಿಡಕೂಡದು. ಧರ್ಮೋಪದೇಶಕಾಂಡದ 18ನೆಯ ಅಧ್ಯಾಯವು ಅದನ್ನು ಸ್ಪಷ್ಟವಾಗಿ ನಿಷೇಧಿಸುತ್ತದೆ, ಎಂದೋರಿಗೆ ಹೋದ ಸೌಲನ ಗತಿಯನ್ನು ಎಲ್ಲರೂ ಬಲ್ಲರು.

ಮತ್ತೊಂದು ಮಾತು. ಮಗುವಿನ ಮುಖವಾಡವನ್ನು ವಿಚಾರಣೆಗೆ ತರುವ ಸಭಾಹಿರಿಯರು, ನಮ್ಮವರು ಕಟ್ಟಿಸುವ ಹೊಸ ಮನೆಗಳ ಮುಂದೆ ತೂಗುವ ದೃಷ್ಟಿಬೊಂಬೆಯನ್ನೂ ಬೂದುಗುಂಬಳವನ್ನೂ ಕಂಡು ಸುಮ್ಮನಿರುವದು ನಮಗೆ ನ್ಯಾಯವಾಗಿ ತೋರುವದಿಲ್ಲ. ಮೇಸ್ತ್ರಿಯು ಕಟ್ಟಿದನೆಂದು ಮನೆಯವರು ನೆವ ಹೇಳುತ್ತಾರೆ. ಮೇಸ್ತ್ರಿಯ ಕೂಲಿ ತೀರಿಸಿ ತಿಂಗಳುಗಳು ಕಳೆದರೂ ಬೊಂಬೆಯು ಇನ್ನೂ ಅಲ್ಲೇ ಇದೆ.