ರೋಗಶಯ್ಯೆಯಲ್ಲಿರುವ ತಾಯಿ ಮತ್ತು ಮಕ್ಕಳ ಧರ್ಮ

ಶರೀರವು ಶಿವನ ಪ್ರಸಾದವೆಂದು ಶರಣಧರ್ಮವು ಬಗೆಯುತ್ತದೆ. ಅಂಗದ ಮೇಲೆ ಲಿಂಗವನ್ನು ಧರಿಸಿದವರಿಗೆ ಆ ಅಂಗವು ಹೇಯವಾದ ಮಾಂಸಪಿಂಡವಲ್ಲ. ಪೂಜೆಗೆ ಒದಗಿದ ಪೀಠ. ಆದುದರಿಂದ ದೇಹಕ್ಕೆ ವ್ಯಾಧಿ ಬಂದಾಗ ಅದನ್ನು ಉಪೇಕ್ಷಿಸುವುದು ವೈರಾಗ್ಯವೆನಿಸದು; ಅದು ಪ್ರಸಾದದ ಅನಾದರವೇ ಆಗುವುದು. ಇಷ್ಟನ್ನು ಸದ್ಭಕ್ತರೆಲ್ಲರೂ ಒಪ್ಪುವರು. ಕಷ್ಟವಿರುವುದು ಮುಂದಿನ ಮಾತಿನಲ್ಲಿ. ಹಡೆದ ತಾಯಿಗೆ ಅರ್ಬುದವು, ಎಂದರೆ ಲೋಕವು ಕ್ಯಾನ್ಸರ್ ಎಂದು ಕರೆಯುವ ರೋಗವು, ತಗುಲಿದಾಗ ಯಾವ ಚಿಕಿತ್ಸೆಯನ್ನು ಆಯಬೇಕು? ಆಯುವ ಅಧಿಕಾರವು ಯಾರದು?

ಧಾರವಾಡ ಸೀಮೆಯ ಒಂದು ಒಕ್ಕಲುಮನೆಯನ್ನು ಮನಸ್ಸಿಗೆ ತಂದುಕೊಳ್ಳಬಹುದು. ಅರುವತ್ತು ದಾಟಿದ ತಾಯಿಯ ಎದೆಯಲ್ಲಿ ಗಂಟು ಕಾಣಿಸಿತು. ಅದರ ಚೂರನ್ನು ತೆಗೆದು ಪರೀಕ್ಷಿಸಿದ ವೈದ್ಯರು ಅರ್ಬುದವೆಂದು ನಿಶ್ಚಯಿಸಿ, ರೋಗವು ಇನ್ನೂ ದೂರದ ಅವಯವಗಳಿಗೆ ಹಬ್ಬಿಲ್ಲವೆಂದರು. ಹಿರಿಯ ಮಗನು ಶಸ್ತ್ರಕ್ರಿಯೆಯಾಗಲಿ, ಬೇಕಾದರೆ ಕೀಮೋ ಔಷಧವೂ ಕಿರಣಚಿಕಿತ್ಸೆಯೂ ಆಗಲಿ ಎನ್ನುವನು. ಕಿರಿಯನು ನೆರೆಮನೆಯ ಹಿರಿಯರೊಬ್ಬರು ಅದೇ ಕೀಮೋವನ್ನು ಪಡೆದು, ಕೂದಲುದುರಿ, ಅನ್ನ ಸೇರದೆ ಬಳಲಿ ತೀರಿಕೊಂಡುದನ್ನು ಕಂಡವನು. ಬೇರುತೊಗಟೆಯ ಕಷಾಯ ಕೊಡುವ ಒಬ್ಬರಲ್ಲಿಗೆ ಕರೆದೊಯ್ಯೋಣವೆಂದು ಅವನ ಹಟ. ಇಬ್ಬರದೂ ಮಾತೃಭಕ್ತಿಯೇ. ಆದರೂ ಒಬ್ಬನು ಇನ್ನೊಬ್ಬನನ್ನು ನಿರ್ದಯನೆನ್ನುವನು; ಇನ್ನೊಬ್ಬನು ಅವನನ್ನು ಮೂಢನೆನ್ನುವನು.

ಕಿರಿಯನ ಭಯವು ಆಧಾರವಿಲ್ಲದುದಲ್ಲ. ಕೀಮೋ ಔಷಧವು ಬೇಗ ಬೆಳೆಯುವ ಜೀವಕೋಶಗಳನ್ನು ಕೊಲ್ಲುತ್ತದೆ. ಕೂದಲಿನ ಬುಡ, ಬಾಯಿಯ ಒಳಪದರ, ಎಲುಬಿನೊಳಗಿನ ನೆಣ ಇವುಗಳ ಒಳ್ಳೆಯ ಕೋಶಗಳಿಗೂ ಅದರ ಏಟು ಬೀಳುವುದು. ವಾಂತಿ, ಬಾಯಿಹುಣ್ಣು, ಸೋಂಕು ಇವು ಆ ಕಾರಣದಿಂದಲೇ. ಆದರೆ ಒಂದು ದೃಷ್ಟಾಂತದಿಂದ ವ್ಯಾಪ್ತಿಯು ಸಿದ್ಧಿಸದೆಂದು ತರ್ಕಶಾಸ್ತ್ರವು ಹೇಳುತ್ತದೆ. ನೆರೆಮನೆಯವರ ರೋಗವು ಯಾವ ಅಂಗದ್ದು, ಯಾವ ಹಂತದ್ದು ಎಂಬುದನ್ನು ತಿಳಿಯದೆ, ಅವರ ಮರಣದಿಂದ ತಾಯಿಯ ಫಲವನ್ನು ಅನುಮಾನಿಸಲಾಗದು. ಹಾಗೆಯೇ ಕಷಾಯ ಕುಡಿದು ಗುಣವಾದರೆಂಬ ಒಬ್ಬರ ಕಥೆಯಿಂದ ಕಷಾಯದ ಬಲವೂ ಸಿದ್ಧಿಸದು. ಸತ್ತವರು ಬಂದು ತಮ್ಮ ಕಥೆಯನ್ನು ಹೇಳುವುದಿಲ್ಲ.

ಇಲ್ಲಿ ಒಂದು ಶಂಕೆ ಹುಟ್ಟುವುದು: ಕತ್ತಿಯೂ ಆಸ್ಪತ್ರೆಯೂ ಪರದೇಶದವು, ಗಿಡಮೂಲಿಕೆಯು ನಮ್ಮ ಹಿರಿಯರದು, ಅದನ್ನು ಬಿಡುವುದು ಪರಂಪರೆಗೆ ದ್ರೋಹವಲ್ಲವೇ? ಸಮಾಧಾನವು ಪರಂಪರೆಯಲ್ಲಿಯೇ ಇದೆ. ಸುಶ್ರುತಸಂಹಿತೆಯು ಅರ್ಬುದಕ್ಕೆ ಶಸ್ತ್ರವನ್ನು ವಿಧಿಸಿದೆ. ಶೇಷವನ್ನು ಉಳಿಸಿ ತೆಗೆದ ಅರ್ಬುದವು ಬೇಗನೆ ಮರಳಿ ಬೆಳೆಯುವುದೆಂದು ಎಚ್ಚರಿಸಿದೆ. ಇತ್ತ, ಅಂಗಳದ ಕಾಶಿಕಣಗಿಲೆಯಿಂದಲೇ ವಿನ್‌ಕ್ರಿಸ್ಟಿನ್, ವಿನ್‌ಬ್ಲಾಸ್ಟಿನ್ ಎಂಬ ಕೀಮೋ ಔಷಧಗಳು ಬಂದಿವೆ. ಹಾಗೆಂದು ಆ ಎಲೆಯನ್ನು ಅರೆದು ಕುಡಿಯುವುದು ಚಿಕಿತ್ಸೆಯಲ್ಲ, ವಿಷಸೇವನೆ. ಗಿಡದ ಸಾರವನ್ನು ಬೇರ್ಪಡಿಸಿ, ಅಳೆದು, ಸಾವಿರಾರು ರೋಗಿಗಳಲ್ಲಿ ಪರೀಕ್ಷಿಸಿದ ಮೇಲೆಯೇ ಅದು ಮದ್ದಾಯಿತು. ಹೀಗಿರುವಲ್ಲಿ ಭೇದವು ಸ್ವದೇಶ-ಪರದೇಶಗಳದಲ್ಲ. ಪರೀಕ್ಷೆಗೆ ನಿಂತುದಕ್ಕೂ ನಿಲ್ಲದುದಕ್ಕೂ ಇರುವ ಭೇದ.

ಪರೀಕ್ಷೆಯ ಫಲವೂ ಕಣ್ಣ ಮುಂದಿದೆ. ಅಮೆರಿಕೆಯ ಯೇಲ್ ವಿಶ್ವವಿದ್ಯಾಲಯದ ವೈದ್ಯರು 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ರೋಗವು ದೂರಕ್ಕೆ ಹಬ್ಬುವ ಮೊದಲೇ ಆಸ್ಪತ್ರೆಯ ಚಿಕಿತ್ಸೆಯನ್ನು ತೊರೆದು ಬೇರೆ ಮದ್ದನ್ನೇ ನೆಚ್ಚಿದ 281 ಜನರನ್ನು, ಅದೇ ಬಗೆಯ ರೋಗವಿದ್ದು ಚಿಕಿತ್ಸೆ ಪಡೆದವರೊಡನೆ ತೂಗಿ ನೋಡಿದರು. ಮೊದಲಿನವರಿಗೆ ಮರಣದ ಅಪಾಯವು ಎರಡೂವರೆ ಪಟ್ಟು. ಸ್ತನದ ಅರ್ಬುದದಲ್ಲಿ ಐದು ಪಟ್ಟಿಗೂ ಮಿಗಿಲು. ಆ ಒಕ್ಕಲುಮನೆಯ ತಾಯಿಗೆ ಇರುವುದು ಇದೇ ರೋಗ. ಅರ್ಬುದವನ್ನು ಗುಣಪಡಿಸುವೆವೆಂಬ ಜಾಹೀರಾತನ್ನು 1954ರ ಕಾಯಿದೆಯು ನಿಷೇಧಿಸಿರುವುದೂ ಅಕಾರಣವಲ್ಲ. ಖಂಡಿತ ಗುಣವೆಂದು ಮಾತು ಕೊಡುವವನನ್ನು ಮೊದಲು ಶಂಕಿಸಬೇಕು.

ಬಂದುದೆಲ್ಲ ಶಿವನ ಇಚ್ಛೆ, ಔಷಧವೇಕೆ ಎನ್ನುವವರೂ ಉಂಟು. ಶರಣಸಮೂಹದಲ್ಲಿ ವೈದ್ಯ ಸಂಗಣ್ಣನೆಂಬ ವಚನಕಾರನಿದ್ದನು. ವೈದ್ಯವೇ ಅವನ ಕಾಯಕ. ರೋಗವನ್ನು ಕಳೆಯುವುದು ಶಿವನಿಗೆ ವಿರೋಧವಾಗಿದ್ದರೆ ಆ ಕಾಯಕಕ್ಕೆ ಶರಣರಲ್ಲಿ ಸ್ಥಾನವಿರುತ್ತಿರಲಿಲ್ಲ. ಇನ್ನು ಹಣದ ಚಿಂತೆ. 2018ರಲ್ಲಿ ಮೊದಲಾದ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯು ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯ ವೆಚ್ಚವನ್ನು ಭರಿಸುತ್ತದೆ. ಹೊಲವನ್ನು ಮಾರುವ ಮುನ್ನ ಇದನ್ನು ವಿಚಾರಿಸಬೇಕು.

ಇಷ್ಟಾದರೂ ಮುಖ್ಯವಾದ ಮಾತು ಉಳಿಯಿತು. ಅಣ್ಣತಮ್ಮಂದಿರು ಪಡಸಾಲೆಯಲ್ಲಿ ವಾದಿಸುವಾಗ ಒಳಗೆ ಮಲಗಿದ ತಾಯಿಯನ್ನು ಯಾರೂ ಕೇಳಲಿಲ್ಲ. ರೋಗದ ಹೆಸರನ್ನೂ ಅವಳಿಗೆ ಹೇಳಲಿಲ್ಲ. ಇದು ಕರುಣೆಯಂತೆ ತೋರಿದರೂ ಕರುಣೆಯಲ್ಲ. ಶರಣರು ಇಷ್ಟಲಿಂಗವನ್ನು ಗಂಡಿಗೆ ಕೊಟ್ಟಂತೆ ಹೆಣ್ಣಿಗೂ ಕೊಟ್ಟರು; ಒಬ್ಬರ ಪೂಜೆಯನ್ನು ಮತ್ತೊಬ್ಬರು ಮಾಡಲು ಬಾರದು. ಹಾಗಿರಲು ಅವಳ ಅಂಗದ ವಿಷಯದಲ್ಲಿ ಅವಳಿಗೆ ತಿಳಿಯದಂತೆ ನಿಶ್ಚಯಿಸುವುದು ಯಾವ ಧರ್ಮ? ಅವಳೇ ಒಂದು ದಿನ ಕೇಳಿದಳೆನ್ನಿ: "ಯಪ್ಪಾ, ನನ್ನ ಮೈಗೆ ಏನಾಗೇತಿ ಅಂತ ನನಗ ಹೇಳದ ನೀವ ಜಗಳಾಡಿದ್ರ ಹೆಂಗ?" ಈ ಪ್ರಶ್ನೆಗೆ ಇಬ್ಬರು ಪಂಡಿತಮಕ್ಕಳಲ್ಲಿಯೂ ಉತ್ತರವಿಲ್ಲ.

ತಿಳಿಸುವುದೆಂದರೆ ಹೆದರಿಸುವುದಲ್ಲ. ರೋಗವೇನು, ಚಿಕಿತ್ಸೆಯಿಂದ ಎಷ್ಟು ಆಸೆ, ಎಷ್ಟು ನೋವು, ಬಿಟ್ಟರೆ ಏನಾಗುವುದು, ಇವನ್ನು ವೈದ್ಯರ ಸಮಕ್ಷಮದಲ್ಲಿ ಮೆಲ್ಲನೆ ಹೇಳಿ ಅವಳ ಮಾತಿಗೆ ಕಾಯಬೇಕು. ಪಥ್ಯ, ಆಯುರ್ವೇದದ ಬೇರೆ ಉಪಚಾರಗಳು ಅವಳಿಗೆ ಇಷ್ಟವಾದರೆ ಚಿಕಿತ್ಸೆ ಮಾಡುವ ವೈದ್ಯರಿಗೆ ತಿಳಿಸಿಯೇ ನಡೆಸಬೇಕು; ಗುಟ್ಟಾಗಿ ಕೊಟ್ಟ ಮೂಲಿಕೆಯು ಯಕೃತ್ತನ್ನು ಕೆಡಿಸಬಹುದು, ಔಷಧದ ಬಲವನ್ನು ಏರುಪೇರು ಮಾಡಬಹುದು. ಪ್ರಾರ್ಥನೆಗೆ ಮಾತ್ರ ಯಾರ ಅಪ್ಪಣೆಯೂ ಬೇಡ.

ಕಿರಿಯನ ಮಾತಿನಲ್ಲಿಯೂ ಸತ್ಯಾಂಶವಿದೆ. ಅದರ ಕಾಲ ಬೇರೆ. ರೋಗವು ಹಬ್ಬಿ, ಚಿಕಿತ್ಸೆಯು ಆಯುಸ್ಸನ್ನು ಬೆಳೆಸದೆ ನೋವನ್ನಷ್ಟೇ ಬೆಳೆಸುವ ಹೊತ್ತು ಬಂದರೆ, ಸಾಕೆನ್ನುವ ಹಕ್ಕು ತಾಯಿಗೆ ಉಂಟು. ಅಸಾಧ್ಯವ್ಯಾಧಿಯೆಂಬುದೊಂದುಂಟೆಂದು ಚರಕನೂ ಒಪ್ಪಿದನು. ಆಗಲೂ ವೈದ್ಯವು ಮುಗಿಯದು. ನೋವನ್ನು ತಣಿಸುವ ಉಪಶಮನ ಚಿಕಿತ್ಸೆಯುಂಟು; ಬೆಂಗಳೂರಿನ ಕರುಣಾಶ್ರಯದಂತಹ ಸಂಸ್ಥೆಗಳು ಅದನ್ನು ಹಣ ಪಡೆಯದೆ ದಾಸೋಹದಂತೆ ನಡೆಸುತ್ತಿವೆ. ಅಂದು ನಿಲ್ಲಿಸುವುದು ಕೈಬಿಡುವುದಲ್ಲ.

ಆದುದರಿಂದ, ಗುಣವಾಗುವ ಕಾಲವಿರುವಾಗ ಕಾಲಹರಣ ಮಾಡದಿರುವುದು, ಗುಣವಾಗದ ಕಾಲ ಬಂದಾಗ ಸುಳ್ಳು ಆಸೆಯಿಂದ ಪೀಡಿಸದಿರುವುದು, ಎರಡು ಕಾಲದಲ್ಲಿಯೂ ಸತ್ಯವನ್ನು ನುಡಿದು ಹಾಸಿಗೆಯ ಬಳಿ ಕುಳಿತಿರುವುದು, ಇದೇ ಮಕ್ಕಳ ಧರ್ಮ. ಗೆಲ್ಲಬೇಕಾದುದು ಅಣ್ಣನ ವಾದವೂ ಅಲ್ಲ, ತಮ್ಮನ ವಾದವೂ ಅಲ್ಲ. ತಾಯಿಗೆ ಹಿತವಾದುದು ಯಾವುದೆಂದು ಅವಳನ್ನೇ ಕೂರಿಸಿಕೊಂಡು ವಿಚಾರಿಸಿದ ದಿನ ಆ ಮನೆಯಲ್ಲಿ ಜಗಳವು ನಿಂತು ಸೇವೆಯು ಮೊದಲಾಗುವುದು.