ನಿನ್ನ ಕಿಮ್ಹಾಮ್ ಯಾರು?

ಮಳೆ, ಟ್ರಾಫಿಕ್ ಎಲ್ಲಾ ದಾಟಿಕೊಂಡು ಬಂದಿದ್ದೀರಿ, ದೇವರು ನಿಮ್ಮನ್ನು ಆಶೀರ್ವದಿಸಲಿ. ಸತ್ಯವೇದ ತೆರೆಯಿರಿ. 2 ಸಮುವೇಲ 19ನೇ ಅಧ್ಯಾಯ, 31ರಿಂದ 40ನೇ ವಚನ. ಬೆರಳು ಅಲ್ಲೇ ಇಟ್ಟುಕೊಂಡಿರಿ, ನಾನು ಒಂದು ಸುತ್ತು ಹಾಕಿ ಅಲ್ಲಿಗೇ ಬರ್ತೀನಿ.

ಹೋದ ತಿಂಗಳು ಯೂತ್ ಮೀಟಿಂಗ್ ಮುಗಿದ ಮೇಲೆ ಒಬ್ಬ ತಮ್ಮ ನನ್ನ ಹತ್ತಿರ ಬಂದ. ಎಂ.ಎಸ್ಸಿ. ಮಾಡಿದ್ದಾನೆ, ನೆಟ್ ಪಾಸಾಗಿದ್ದಾನೆ. ಒಂದು ಖಾಸಗಿ ಕಾಲೇಜಿಗೆ ಇಂಟರ್‌ವ್ಯೂ ಕೊಟ್ಟಿದ್ದ. ಆ ಕೆಲಸ ಸರ್ಕಾರಿ ಕಾಲೇಜಿನಿಂದ ರಿಟೈರ್ ಆದ ಒಬ್ಬ ಪ್ರೊಫೆಸರ್‌ಗೆ ಸಿಕ್ಕಿತು. "ಪಾಸ್ಟರ್, ಅವರಿಗೆ ಪೆನ್ಷನ್ ಬರುತ್ತೆ. ಸ್ವಂತ ಮನೆ ಇದೆ. ಮಕ್ಕಳು ಸೆಟ್ಲ್ ಆಗಿದ್ದಾರೆ. ಇನ್ನೂ ಸಂಬಳ ಬೇಕಾ ಅವರಿಗೆ? ಇದು ಪಾಪ ಅಲ್ವಾ?" ಅಂದ.

ನಾನು ತಕ್ಷಣ ಉತ್ತರ ಕೊಡಲಿಲ್ಲ. ಯಾಕಂದ್ರೆ ಅಂಥದ್ದೇ ಕುರ್ಚಿಯಲ್ಲಿ ನಾನೂ ಮೂರು ವರ್ಷ ಕೂತಿದ್ದೆ. ಅದು ಅವನಿಗೆ ಗೊತ್ತಿರಲಿಲ್ಲ.

ಮೊದಲು ನ್ಯಾಯವಾಗಿ ಮಾತಾಡೋಣ. ಪೆನ್ಷನ್ ಅನ್ನೋದು ಭಿಕ್ಷೆ ಅಲ್ಲ. 1982ರಲ್ಲಿ ನಕಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿತು: ಪೆನ್ಷನ್ ಸರ್ಕಾರ ಕೊಡುವ ಕೃಪೆಯಲ್ಲ, ದುಡಿದವನ ಹಕ್ಕು. ಹಾಗಾದ್ರೆ ನಿನ್ನೆ ಮಾಡಿದ ಕೆಲಸದ ಬಾಕಿ ಕೂಲಿಯನ್ನು ತೋರಿಸಿ "ನೀನು ಇವತ್ತು ದುಡಿಯಬೇಡ" ಅನ್ನೋಕಾಗಲ್ಲ.

ಎರಡನೆಯದು, ಎಲ್ಲ ಪೆನ್ಷನ್ ಒಂದೇ ಅಲ್ಲ. ಖಾಸಗಿ ಕಂಪನಿ, ಗಾರ್ಮೆಂಟ್ ಫ್ಯಾಕ್ಟರಿಗಳಲ್ಲಿ ದುಡಿದವರಿಗೆ ಪಿ.ಎಫ್. ಜೊತೆಗಿನ ಇ.ಪಿ.ಎಸ್. ಪೆನ್ಷನ್ ಇದೆ. 2014ರಲ್ಲಿ ಅದರ ಕನಿಷ್ಠ ಮೊತ್ತ ನಿಗದಿಯಾಯಿತು. ಎಷ್ಟು ಗೊತ್ತಾ? ತಿಂಗಳಿಗೆ 1,000 ರೂಪಾಯಿ! ನಿಮ್ಮ ಅಪಾರ್ಟ್‌ಮೆಂಟ್ ಗೇಟಿನಲ್ಲಿ ರಾತ್ರಿ ಎಲ್ಲಾ ಕೂರುವ ಅಜ್ಜನಿಗೂ ಪೆನ್ಷನ್ ಇರಬಹುದು. ಹದಿನೈದು ವರ್ಷ ಸೇವೆ ಮಾಡಿ, ಇನ್ನೂ ನಲವತ್ತು ತುಂಬದೆ ಮನೆಗೆ ಬರುವ ಸೈನಿಕನಿಗೂ ಪೆನ್ಷನ್ ಇದೆ. ಅವನ ಮಕ್ಕಳು ಇನ್ನೂ ಪ್ರೈಮರಿ ಸ್ಕೂಲ್‌ನಲ್ಲಿರ್ತಾರೆ. ಇವರನ್ನು ಯಾರೂ ಪ್ರಶ್ನೆ ಮಾಡಬೇಡಿ.

ಮೂರನೆಯದು, ಅರ್ಥಶಾಸ್ತ್ರ ಓದಿದವರು ಒಂದು ಮಾತು ಹೇಳ್ತಾರೆ. ಒಂದು ದೇಶದಲ್ಲಿ ಕೆಲಸಗಳು ಎಣಿಸಿಟ್ಟ ಇಡ್ಲಿ ಥರ ಇರಲ್ಲ, ಹಿರಿಯನು ಒಂದು ತಿಂದರೆ ಕಿರಿಯನಿಗೆ ಒಂದು ಕಡಿಮೆ ಅಂತ ಆಗಲ್ಲ. ದುಡಿಯುವವನು ಖರ್ಚೂ ಮಾಡ್ತಾನೆ, ಅದರಿಂದ ಬೇರೆಯವರಿಗೆ ಕೆಲಸ ಹುಟ್ಟುತ್ತೆ. ನಿಜ. ಆದರೆ ಒಂದು ಕಾಲೇಜಿನ ಒಂದು ಡಿಪಾರ್ಟ್‌ಮೆಂಟಿನಲ್ಲಿ ಒಂದೇ ಹುದ್ದೆ ಇದ್ದಾಗ, ಅಲ್ಲಿ ಇಡ್ಲಿ ಒಂದೇ. ನಮ್ಮ ತಮ್ಮ ಅತ್ತಿದ್ದು ದೇಶದ ಲೆಕ್ಕಕ್ಕಲ್ಲ, ಆ ಒಂದು ಕುರ್ಚಿಗೆ.

ಹಾಗಾದ್ರೆ ಪೆನ್ಷನ್ ಇದ್ದು, ಮನೆ ಇದ್ದು, ಸಾಲ ತೀರಿದ್ದು, ದೊಡ್ಡ ಸಂಬಳದ ಕುರ್ಚಿಯಲ್ಲೂ ಕೂತಿರುವವನು ಏನು ಮಾಡಬೇಕು? ಹಕ್ಕು ಇದೆಯಾ? ಇದೆ. ಆದರೆ ವಿಶ್ವಾಸಿಯ ಪ್ರಶ್ನೆ ಅಲ್ಲಿಗೆ ನಿಲ್ಲಲ್ಲ. 1 ಕೊರಿಂಥ 9ರಲ್ಲಿ ಪೌಲನು ತನ್ನ ಹಕ್ಕುಗಳನ್ನು ಒಂದೊಂದಾಗಿ ಸಾಬೀತು ಮಾಡ್ತಾನೆ, ವಕೀಲನ ಥರ ವಾದಿಸ್ತಾನೆ. ಎಲ್ಲಾ ಮುಗಿದ ಮೇಲೆ, ನಾನು ಇದನ್ನು ಉಪಯೋಗಿಸಲಿಲ್ಲ ಅಂತಾನೆ. ಹಕ್ಕು ಇಲ್ಲದವನು ಬಿಟ್ಟುಕೊಡೋಕಾಗಲ್ಲ. ಇರುವವನಿಗೆ ಮಾತ್ರ ಆ ಸ್ವಾತಂತ್ರ್ಯ. ಆಮೆನ್?

ಈಗ ಬರ್ಜಿಲ್ಲೈ ಹತ್ತಿರ ಬನ್ನಿ. ಅಬ್ಷಾಲೋಮನಿಗೆ ಹೆದರಿ ದಾವೀದ ಓಡಿಹೋದಾಗ, ಯೊರ್ದನಿನ ಆಚೆ ಹಾಸಿಗೆ, ಪಾತ್ರೆ, ಗೋದಿ, ಜೇನು ತಂದುಕೊಟ್ಟವರಲ್ಲಿ ಈತನೂ ಒಬ್ಬ. ಯುದ್ಧ ಮುಗಿಯಿತು. ದಾವೀದ ಹೇಳ್ತಾನೆ, ನನ್ನ ಜೊತೆ ಯೆರೂಸಲೇಮಿಗೆ ಬಾ, ಅಲ್ಲಿ ನಿನ್ನನ್ನು ನೋಡಿಕೊಳ್ತೀನಿ. ಇದು ಭಾರಿ ಆಫರ್! ಅರಮನೆ, ಊಟ, ಸಂಗೀತ, ಗೌರವ. ದಯದಿಂದ ಬಂದದ್ದೂ ಅಲ್ಲ, ಯೋಗ್ಯತೆಯಿಂದಲೇ ಬಂದದ್ದು. ಆತ ಏನಂದ? ನನಗೆ 80 ವರ್ಷ, ರುಚಿ ಗೊತ್ತಾಗಲ್ಲ, ಹಾಡು ಕಿವಿಗೆ ಬೀಳಲ್ಲ, ನಿನಗೆ ಯಾಕೆ ಭಾರವಾಗಲಿ ಅಂದ. ಅಲ್ಲಿಗೆ ನಿಲ್ಲಿಸಿದ್ರೆ ಅದು ಬರೀ ನಿವೃತ್ತಿ. ಆದರೆ ಆತ ಇನ್ನೊಂದು ಮಾತು ಸೇರಿಸಿದ. ಇಗೋ ಕಿಮ್ಹಾಮ್, ಇವನನ್ನು ಕರಕೊಂಡು ಹೋಗು, ನನಗೆ ಮಾಡಬೇಕೆಂದಿದ್ದನ್ನು ಇವನಿಗೆ ಮಾಡು. ದಾವೀದ ಒಪ್ಪಿದ.

ಈ ಭಾಗ ನನಗೆ ಹೇಗೆ ಅರ್ಥವಾಯಿತು ಅಂತ ಸಾಕ್ಷಿ ಹೇಳ್ತೀನಿ. ಪೂರ್ಣಾವಧಿ ಸೇವೆಗೆ ಬರುವ ಮೊದಲು ನಾನು ಬ್ಯಾಂಕಿನಲ್ಲಿದ್ದೆ. 60ಕ್ಕೆ ರಿಟೈರ್ ಆದೆ, ಪೆನ್ಷನ್ ಶುರುವಾಯಿತು. ಎರಡೇ ತಿಂಗಳಿಗೆ ಒಂದು ಫೈನಾನ್ಸ್ ಕಂಪನಿಯವರು ಸಲಹೆಗಾರ ಅಂತ ಕರೆದರು. ಸಂಬಳ ನನ್ನ ಬ್ಯಾಂಕಿನ ಕೊನೆಯ ಸಂಬಳಕ್ಕಿಂತ ಜಾಸ್ತಿ. "ದೇವರೇ ಬಾಗಿಲು ತೆರೆದಿದ್ದಾನೆ" ಅಂತ ಇದೇ ಸಭೆಯಲ್ಲಿ ಸಾಕ್ಷಿ ಹೇಳಿದೆ, ನೀವೆಲ್ಲಾ ಚಪ್ಪಾಳೆ ತಟ್ಟಿದಿರಿ.

ನನ್ನ ಕೈಕೆಳಗೆ ಒಬ್ಬ ಹುಡುಗ ಇದ್ದ, 27 ವರ್ಷ, ಕಾಂಟ್ರ್ಯಾಕ್ಟ್ ಮೇಲೆ. ಫೈಲ್ ಓದೋನು ಅವನು, ರಿಪೋರ್ಟ್ ಬರೆಯೋನು ಅವನು, ಸಹಿ ಮಾತ್ರ ನಂದು. ನನಗೆ ಬರುತ್ತಿದ್ದುದರ ಕಾಲು ಭಾಗವೂ ಅವನಿಗೆ ಬರ್ತಿರಲಿಲ್ಲ. ಒಳ್ಳೆ ಹುಡುಗ ಅಂತ ಮನೆಯಲ್ಲಿ ಹೊಗಳ್ತಿದ್ದೆ. ಒಂದು ದಿನ ನನ್ನ ಹೆಂಡತಿ ಕೇಳಿದಳು, "ರೀ, ಅಷ್ಟು ಒಳ್ಳೆಯವನಾದ್ರೆ ಮ್ಯಾನೇಜರ್ ಹತ್ತಿರ ಯಾವತ್ತಾದ್ರೂ ಹೇಳಿದ್ದೀರಾ?" ಹೇಳಿರಲಿಲ್ಲ. ಯಾಕೆ ಹೇಳಲಿಲ್ಲ? ಅವನ ಕೆಲಸ ಗೊತ್ತಾದ್ರೆ ನನ್ನ ಕುರ್ಚಿ ಯಾಕೆ ಬೇಕು ಅನ್ನೋ ಪ್ರಶ್ನೆ ಬರುತ್ತೆ. ಅಯ್ಯೋ, ನನ್ನ ಹೃದಯದಲ್ಲಿ ಇಂಥದ್ದು ಇತ್ತು!

ಮೂರು ವರ್ಷ ಮುಗಿದಾಗ ಮತ್ತೆ ಮುಂದುವರಿಸಿ ಅಂದರು. ನಾನು ಬೇಡ ಅಂದೆ, ಆ ಹುಡುಗನಿಗೆ ಕೊಡಿ ಅಂದೆ. ಏನಾಯ್ತು ಅಂತೀರಿ? ಕೊಡಲಿಲ್ಲ. ಇನ್ನೊಬ್ಬ ರಿಟೈರ್ಡ್ ಆಫೀಸರ್‌ನ ತಂದರು. ಆರು ತಿಂಗಳಲ್ಲಿ ಹುಡುಗ ಬೇರೆ ಊರಿಗೆ ಹೋದ.

ಇದನ್ನು ಜಯದ ಸಾಕ್ಷಿಯಾಗಿ ಹೇಳ್ತಿಲ್ಲ. ಬರ್ಜಿಲ್ಲೈ ಕಿಮ್ಹಾಮನ ಹೆಸರು ಹೇಳಿದ್ದು ರಾಜ ತನ್ನ ಎದುರಿಗೆ ನಿಂತಿದ್ದಾಗ, ತನ್ನ ಮಾತಿಗೆ ಬೆಲೆ ಇದ್ದಾಗ. ನಾನು ಹೇಳಿದ್ದು ಬಾಗಿಲ ಹತ್ತಿರ, ಬ್ಯಾಗ್ ಕೈಯಲ್ಲಿ ಹಿಡಿದು. ಕುರ್ಚಿ ಬಿಡೋದು ಮಾತ್ರ ಸಾಲದು. ಕುರ್ಚಿಯಲ್ಲಿ ಇದ್ದಾಗಲೇ ಒಬ್ಬನನ್ನು ಸಿದ್ಧ ಮಾಡಿ, ಹೆಸರು ಹಿಡಿದು ಪರಿಚಯ ಮಾಡಿಕೊಡಬೇಕು. ದಾವೀದ ಸಾಯುವಾಗಲೂ ಬರ್ಜಿಲ್ಲೈ ಮಕ್ಕಳಿಗೆ ದಯೆ ತೋರಿಸು ಅಂತ ಸೊಲೊಮೋನನಿಗೆ ಹೇಳ್ತಾನೆ. ಎಷ್ಟೋ ತಲೆಮಾರು ಕಳೆದ ಮೇಲೆ, ಯೆರೆಮೀಯ 41ರಲ್ಲಿ, ಬೇತ್ಲೆಹೇಮಿನ ಹತ್ತಿರ ಕಿಮ್ಹಾಮನ ಹೆಸರಿನ ಒಂದು ಸ್ಥಳ ಇನ್ನೂ ಇರುತ್ತೆ. ಒಬ್ಬ ಮುದುಕ ಸರಿಯಾದ ಹೊತ್ತಿನಲ್ಲಿ ಹೇಳಿದ ಒಂದು ಹೆಸರು!

"ಪಾಸ್ಟರ್, ಹಾಗಾದ್ರೆ ಕಾಲೇಬ?" ಅಂತ ಕೇಳ್ತೀರಿ. ಒಳ್ಳೆ ಪ್ರಶ್ನೆ. 85ನೇ ವಯಸ್ಸಿನಲ್ಲಿ ನನಗೆ ಬೆಟ್ಟ ಕೊಡು ಅಂದವನು ಅವನು. ಆದರೆ ಅವನು ಕೇಳಿದ್ದು ಯಾವ ಬೆಟ್ಟ? ದೈತ್ಯರಿದ್ದ ಬೆಟ್ಟ, ಕೋಟೆ ಊರುಗಳಿದ್ದ ಬೆಟ್ಟ. ನಲವತ್ತೈದು ವರ್ಷ ಹಿಂದೆ ಅದರ ಸುದ್ದಿ ಕೇಳಿಯೇ ಜನ ಹೆದರಿ ಅತ್ತಿದ್ದು. ಅದರ ಪಕ್ಕದ ದೆಬೀರನ್ನು ಹಿಡಿಯುವ ಅವಕಾಶ ಬೇರೆಯವರಿಗೆ ಬಿಟ್ಟ. ಅದನ್ನು ಹಿಡಿದ ಒತ್ನೀಯೇಲನೇ ಮುಂದೆ ಇಸ್ರಾಯೇಲಿನ ನ್ಯಾಯಸ್ಥಾಪಕನಾದ. ಹಿರಿಯರೇ, ಯಾರೂ ಹೋಗದ ಬೆಟ್ಟ ಇದ್ರೆ ಹತ್ತಿ, 90 ಆದ್ರೂ ಹತ್ತಿ. ಊರಿನ ಶಾಲೆ, ಸಾಲದಲ್ಲಿ ಸಿಕ್ಕಿಕೊಂಡ ಕುಟುಂಬಕ್ಕೆ ಲೆಕ್ಕ ಹೇಳಿಕೊಡೋ ಕೆಲಸ, ಇಂಥ ಬೆಟ್ಟಗಳು ಖಾಲಿ ಇವೆ.

ಅರಣ್ಯಕಾಂಡ 8ರಲ್ಲಿ ಲೇವಿಯರಿಗೆ ದೇವರು 50ಕ್ಕೆ ನಿವೃತ್ತಿ ಇಟ್ಟ. ಗುಡಾರದ ಭಾರದ ಕೆಲಸ ನಿಲ್ಲಬೇಕು. ಆದರೆ ಮನೆಗೆ ಕಳಿಸಲಿಲ್ಲ, ಸಹೋದರರ ಜೊತೆ ನಿಂತು ಸಹಾಯ ಮಾಡಲಿ ಅಂದ. ಹುದ್ದೆಗೆ ವಯಸ್ಸಿನ ಮಿತಿ ಇದೆ, ಸೇವೆಗೆ ಇಲ್ಲ.

ಈಗ ನಿಮ್ಮ ಸರದಿ, ತಮ್ಮಂದಿರೇ, ತಂಗಿಯರೇ. ಆಮೆನ್ ಜೋರಾಗಿ ಹೇಳಿದ್ರಿ, ಹಿರಿಯರಿಗೆ ಬೈದದ್ದು ಖುಷಿಯಾಯ್ತು ಅಲ್ವಾ? ನಿಮ್ಮ ಅಪ್ಪ ರಿಟೈರ್ ಆದ ಮೇಲೂ ಬೆಳಗ್ಗೆ ಟಿಫನ್ ಬಾಕ್ಸ್ ಹಿಡಿದು ಹೋಗ್ತಾ ಇದ್ದಾರಾ? ಯಾರಿಗೋಸ್ಕರ ಅಂತ ಕೇಳಿದ್ದೀರಾ? ನಿಮ್ಮ ಫ್ಲ್ಯಾಟಿನ ಡೌನ್ ಪೇಮೆಂಟ್, ನಿಮ್ಮ ಮದುವೆ ಚೌಲ್ಟ್ರಿ, ನಿಮ್ಮ ಎಜುಕೇಶನ್ ಲೋನ್. ಬೇರೆಯವರ ಅಪ್ಪ ಕುರ್ಚಿ ಬಿಡಲಿ ಅಂತ ಪ್ರಾರ್ಥಿಸುವ ಮೊದಲು, ನಿಮ್ಮ ಅಪ್ಪ ಬಿಡೋಕೆ ಆಗುವ ಹಾಗೆ ಬದುಕಿ. ಹೆತ್ತವರಿಗೆ ಪ್ರತ್ಯುಪಕಾರ ಮಾಡುವುದು ದೇವರಿಗೆ ಮೆಚ್ಚುಗೆ ಅಂತ 1 ತಿಮೊಥೆಯ 5 ಕಲಿಸುತ್ತೆ.

ಕೊನೆಗೆ ಆ ತಮ್ಮನಿಗೆ ನಾನು ಏನು ಉತ್ತರ ಕೊಟ್ಟೆ? "ಆ ಪ್ರೊಫೆಸರ್ ಮಾಡಿದ್ದು ಪಾಪ ಅಂತ ನಾನು ಹೇಳೋಕಾಗಲ್ಲ, ಅವರ ಮನೆ ನನಗೆ ಗೊತ್ತಿಲ್ಲ. ನನ್ನದು ಏನಾಗಿತ್ತು ಅಂತ ಹೇಳ್ತೀನಿ ಕೇಳು" ಅಂದೆ. ಎಲ್ಲಾ ಹೇಳಿದೆ. ಅವನು ಸುಮ್ಮನೆ ಕೇಳಿಸಿಕೊಂಡ. ಆಮೇಲೆ ಇಬ್ಬರೂ ಸೇರಿ ನನಗೆ ಪರಿಚಯ ಇರುವ ನಾಲ್ಕು ಜನರಿಗೆ ಫೋನ್ ಮಾಡಿದೆವು. ಇನ್ನೂ ಕೆಲಸ ಸಿಕ್ಕಿಲ್ಲ. ಪ್ರತಿ ಸೋಮವಾರ ಮಾಡ್ತಾ ಇದ್ದೀವಿ.

ಎಲ್ಲರೂ ಕಣ್ಣು ಮುಚ್ಚಿ. ಹಿರಿಯರೇ, ಒಂದು ಹೆಸರು ಕರ್ತನ ಮುಂದೆ ಹೇಳಿ, ನಾಳೆ ಯಾರ ಹತ್ತಿರ ಆ ಹೆಸರು ಹೇಳಬೇಕೋ ಅದನ್ನೂ ಹೇಳಿ. ಯೌವನಸ್ಥರೇ, ನಿಮ್ಮ ತಂದೆ ತಾಯಿಯ ಹೆಸರು ಹೇಳಿ. ಪವಿತ್ರಾತ್ಮನೇ, ನಮ್ಮ ಹಿಡಿತದ ಬೆರಳುಗಳನ್ನು ನೀನೇ ಬಿಡಿಸು. ಯೇಸುವಿನ ನಾಮದಲ್ಲಿ, ಆಮೆನ್.